ನಾಲ್ಕು ಪಟ್ಟು ಕರೆಂಟ್: ಒಂದು ಗ್ಯಾರಡೋಸ್ ಪ್ರಕರಣ

ಪೋಕೆಮಾನ್ ವಿಡಿಯೋ ಗೇಮ್‌ನಲ್ಲಿ ಗ್ಯಾರಡೋಸ್ ಎಂಬ ಪ್ರಾಣಿಯನ್ನು ಇಟ್ಟುಕೊಂಡು ಆಡುವ ಯಾರನ್ನೇ ಕೇಳಿ, ಅದರ ತೊಂದರೆ ಏನು ಅಂತ ಒಂದೇ ಮಾತಲ್ಲಿ ಹೇಳುತ್ತಾರೆ. ಕರೆಂಟ್, ಅಂದರೆ ಎಲೆಕ್ಟ್ರಿಕ್ ದಾಳಿ, ಹೊಡೆದರೆ ಮುಗೀತು. ಈ ಮಾತು ನಿಜ. ಆದರೆ ಇದನ್ನು ತಿಳಿದುಕೊಂಡರೆ ಗ್ಯಾರಡೋಸ್ ಆಡಿಸೋದು ಗೊತ್ತಾಯ್ತು ಅಂತ ಅಲ್ಲ. ಅದಕ್ಕೇ ಒಬ್ಬ ಆಟಗಾರ್ತಿಯ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಆಟದ ಐಡಿ ಯಾವುದೂ ಇಲ್ಲಿ ಬರುವುದಿಲ್ಲ, ಎದುರಾಳಿಗಳ ಗುರುತೂ ಇಲ್ಲ. ಅವರು ಉಳಿಸಿಟ್ಟ ಪಂದ್ಯಗಳನ್ನು ನೋಡಿ, ಅವರ ಜೊತೆ ಕೂತು ಲೆಕ್ಕ ಹಾಕಿ ಬರೆದದ್ದು ಇದು.

ಮೊದಲು ಪ್ರಾಣಿಯ ಪರಿಚಯ. 1996ರ ಮೊದಲ ಆಟಗಳಿಂದಲೂ ಗ್ಯಾರಡೋಸ್ ಇದೆ. ಮ್ಯಾಜಿಕಾರ್ಪ್ ಎಂಬ, ಸುಮ್ನೆ ಒದ್ದಾಡುವ ಮೀನು 20ನೇ ಲೆವೆಲ್‌ಗೆ ಬಂದಾಗ ಇದಾಗುತ್ತದೆ. ಜಲಪಾತ ಹತ್ತಿ ಹೋದ ಕಾರ್ಪ್ ಮೀನು ಡ್ರ್ಯಾಗನ್ ಆಗುತ್ತದೆ ಅನ್ನುವ ಚೀನಾದ ಹಳೇ ಕಥೆಯ ನೆರಳು ಇದರಲ್ಲಿದೆ. ಮ್ಯಾಜಿಕಾರ್ಪ್‌ನ ಬಲ ಅಳೆಯುವ ಆರು ಅಂಕಿಗಳನ್ನು ಕೂಡಿದರೆ 200, ಗ್ಯಾರಡೋಸ್‌ನದು 540. ಅಟ್ಯಾಕ್ 125, ಎಚ್‌ಪಿ (ಎಷ್ಟು ಪೆಟ್ಟು ತಾಳುತ್ತದೆ ಅನ್ನುವ ಜೀವಬಲ) 95, ಸ್ಪೆಷಲ್ ಡಿಫೆನ್ಸ್ 100, ಸ್ಪೀಡ್ 81. ಹುರುಪು ಹುಟ್ಟಿಸುವ ಅಂಕಿಗಳೇ.

ನೋಡಲು ಡ್ರ್ಯಾಗನ್, ಟೈಪ್ (ಯಾವ ದಾಳಿ ಎಷ್ಟು ತಾಗುತ್ತದೆ ಅಂತ ತೀರ್ಮಾನಿಸುವ ಬಗೆ) ಮಾತ್ರ ವಾಟರ್ ಮತ್ತು ಫ್ಲೈಯಿಂಗ್. ಇದರ ಒಳ್ಳೇದು ಕೆಟ್ಟದ್ದು ಎರಡೂ ಇಲ್ಲಿಂದಲೇ ಹುಟ್ಟುತ್ತವೆ. ಗ್ರೌಂಡ್ ದಾಳಿ ತಾಗುವುದೇ ಇಲ್ಲ. ಫೈರ್, ವಾಟರ್, ಫೈಟಿಂಗ್, ಬಗ್, ಸ್ಟೀಲ್ ದಾಳಿಗಳು ಅರ್ಧಕ್ಕೆ ಇಳಿಯುತ್ತವೆ. ನೀರಿನ ಪ್ರಾಣಿಗಳಿಗೆ ಸಾಮಾನ್ಯವಾಗಿ ಕಾಟ ಕೊಡುವ ಗ್ರಾಸ್ ದಾಳಿ ಇದಕ್ಕೆ ಮಾಮೂಲಿ ಪೆಟ್ಟು ಅಷ್ಟೇ. ರಾಕ್ ದಾಳಿ ಮಾತ್ರ ದುಪ್ಪಟ್ಟು ಬೀಳುತ್ತದೆ. ಎಲೆಕ್ಟ್ರಿಕ್ ಅಂತೂ ನೀರಿಗೆ ಎರಡು ಪಟ್ಟು, ಹಾರುವುದಕ್ಕೆ ಇನ್ನೆರಡು ಪಟ್ಟು, ಸೇರಿ ನಾಲ್ಕು ಪಟ್ಟು.

ಇತಿಹಾಸದ ಒಂದು ತುಣುಕು ಇಲ್ಲಿ ಬೇಕು. 2002ರ ರೂಬಿ, ಸಫೈರ್ ಆಟಗಳಲ್ಲಿ ಗ್ಯಾರಡೋಸ್‌ಗೆ ಡ್ರ್ಯಾಗನ್ ಡ್ಯಾನ್ಸ್ ಎಂಬ ಮೂವ್ ಸಿಕ್ಕಿತು. ಒಂದು ಟರ್ನ್ ಕೊಟ್ಟರೆ ಅಟ್ಯಾಕ್, ಸ್ಪೀಡ್ ಎರಡೂ ಒಂದೂವರೆ ಪಟ್ಟು ಆಗುತ್ತವೆ. ಆದರೆ ಆಗ ವಾಟರ್ ಮೂವ್‌ಗಳೆಲ್ಲ ಅಟ್ಯಾಕ್ ಬದಲು ಸ್ಪೆಷಲ್ ಅಟ್ಯಾಕ್ ನೋಡುವ ಸ್ಪೆಷಲ್ ಲೆಕ್ಕಕ್ಕೆ ಸೇರುತ್ತಿದ್ದವು, ಇದರ ಸ್ಪೆಷಲ್ ಅಟ್ಯಾಕ್ ಬರೀ 60. ಅಂದರೆ ಡ್ಯಾನ್ಸ್ ಮಾಡಿ ಬೆಳೆಸಿಕೊಂಡ ಶಕ್ತಿ ತನ್ನದೇ ನೀರಿನ ದಾಳಿಗೆ ಉಪಯೋಗ ಆಗುತ್ತಿರಲಿಲ್ಲ. 2006ರ ಡೈಮಂಡ್, ಪರ್ಲ್‌ನಲ್ಲಿ ಪ್ರತಿ ಮೂವ್‌ಗೂ ಬೇರೆ ಬೇರೆ ಲೆಕ್ಕ ಬಂದು ವಾಟರ್‌ಫಾಲ್ ಎಂಬ ನೀರಿನ ದಾಳಿ ಫಿಸಿಕಲ್ ಆಯಿತು, ಅಂದರೆ ಅಟ್ಯಾಕ್ ಅಂಕಿಯನ್ನೇ ಬಳಸತೊಡಗಿತು. ಅಲ್ಲಿಂದ ಗ್ಯಾರಡೋಸ್ ಅಂದರೆ ಒಂದು ಡ್ಯಾನ್ಸ್, ಆಮೇಲೆ ಎದುರಿನವರೆಲ್ಲ ಮಲಗಿದ ಹಾಗೇ. ಅಷ್ಟರೊಳಗೆ ಕರೆಂಟ್ ಹೊಡೆಯದಿದ್ದರೆ.

ಸಮಸ್ಯೆ ಶುರುವಾದದ್ದು

ನಮ್ಮ ಆಟಗಾರ್ತಿ ಆಡುತ್ತಿದ್ದದ್ದು ಪೋಕೆಮಾನ್ ಸ್ಕಾರ್ಲೆಟ್ ಆಟದಲ್ಲಿ, ರ‍್ಯಾಂಕ್ಡ್ ಸಿಂಗಲ್ಸ್. ಕಣದಲ್ಲಿ ಒಮ್ಮೆಗೆ ಒಂದರ ಎದುರು ಒಂದೇ. ಆರು ಪೋಕೆಮಾನ್‌ಗಳ ಟೀಮ್ ಎರಡೂ ಕಡೆಯವರಿಗೆ ಕಾಣುತ್ತದೆ, ಅದರಲ್ಲಿ ಮೂರನ್ನು ಆರಿಸಿ ಕಣಕ್ಕೆ ಇಳಿಸಬೇಕು. ಎಲ್ಲವೂ 50ನೇ ಲೆವೆಲ್ ಲೆಕ್ಕದಲ್ಲಿ ಆಡುತ್ತವೆ. ಅವರ ಗ್ಯಾರಡೋಸ್ ಜಾಲಿ (ಸ್ಪೀಡ್ ಹೆಚ್ಚಿಸುವ) ಸ್ವಭಾವದ್ದು, ಅಟ್ಯಾಕ್ ಮತ್ತು ಸ್ಪೀಡ್ ಪೂರ್ತಿ ತುಂಬಿಸಿದ್ದು, ಉಳಿದ ಚೂರು ಎಚ್‌ಪಿಗೆ. ಹಾಗಾಗಿ ಎಚ್‌ಪಿ 171, ಸ್ಪೀಡ್ 146. ಒಂದು ಡ್ಯಾನ್ಸ್ ಆದರೆ ಸ್ಪೀಡ್ 219. ಟೀಮ್‌ನ ಉಳಿದವರು ದಾರಿ ಮಾಡಿಕೊಡಬೇಕು, ಕೊನೆಗೆ ಗ್ಯಾರಡೋಸ್ ಬಂದು ಮುಗಿಸಬೇಕು, ಇದು ಅವರ ಯೋಜನೆ.

2023ರ ಡಿಸೆಂಬರ್ 14ಕ್ಕೆ ಇಂಡಿಗೋ ಡಿಸ್ಕ್ ಎಂಬ, ಈ ಆಟದ ಹೆಚ್ಚುವರಿ ಭಾಗ ಬಂತು. ಅದರ ಜೊತೆ ರೇಜಿಂಗ್ ಬೋಲ್ಟ್ ಎಂಬ ಹೊಸ ಪೋಕೆಮಾನ್ ಬಂತು. ಎಲೆಕ್ಟ್ರಿಕ್ ಮತ್ತು ಡ್ರ್ಯಾಗನ್ ಟೈಪ್, ಸ್ಪೆಷಲ್ ಅಟ್ಯಾಕ್ 137, ಸ್ಪೀಡ್ 75 ಮಾತ್ರ. ಸ್ಪೀಡ್ ಕಡಿಮೆ ಅಂತ ನಿರಾಳ ಆಗುವ ಹಾಗಿಲ್ಲ. ಅದರ ಥಂಡರ್‌ಕ್ಲ್ಯಾಪ್ ಮೂವ್ ಸ್ಪೀಡ್ ಲೆಕ್ಕಿಸದೆ ಮೊದಲೇ ಬಂದು ಬೀಳುತ್ತದೆ. ಶಕ್ತಿ 70. ಡ್ರ್ಯಾಗನ್ ಡ್ಯಾನ್ಸ್‌ನ ಬಲವೇ ಸ್ಪೀಡ್ ಅಲ್ವಾ, ಅದನ್ನೇ ದಾಟಿ ಹೋಗುವ ಮೂವ್ ಇದು. ಡ್ಯಾನ್ಸ್ ಮಾಡಿ, 219 ಸ್ಪೀಡ್ ಇಟ್ಟುಕೊಂಡು, ವಾಟರ್‌ಫಾಲ್ ಒತ್ತಿದರೆ ಗ್ಯಾರಡೋಸ್ ಕದಲುವ ಮೊದಲೇ ಸತ್ತಿರುತ್ತಿತ್ತು.

ಎಷ್ಟು ಪೆಟ್ಟು ಅಂತ ಲೆಕ್ಕ ಹಾಕಿ ನೋಡಿದೆವು. ಸ್ಪೆಷಲ್ ಅಟ್ಯಾಕ್ ಪೂರ್ತಿ ತುಂಬಿಸಿದ, ಅದನ್ನು ಇನ್ನೂ ಹೆಚ್ಚಿಸುವ ಮಾಡೆಸ್ಟ್ ಸ್ವಭಾವದ ರೇಜಿಂಗ್ ಬೋಲ್ಟ್‌ನ ಥಂಡರ್‌ಕ್ಲ್ಯಾಪ್ ಕಡಿಮೆ ಅಂದರೂ 276. ಇರುವ ಎಚ್‌ಪಿ 171. ಐರನ್ ಹ್ಯಾಂಡ್ಸ್ ಎಂಬ ಇನ್ನೊಂದು ಎಲೆಕ್ಟ್ರಿಕ್ ಪೋಕೆಮಾನ್ ಬಂದರೆ ಗ್ಯಾರಡೋಸ್‌ನ ಇಂಟಿಮಿಡೇಟ್ ಎಂಬ ಹುಟ್ಟುಗುಣ ಅದರ ಅಟ್ಯಾಕ್ ಇಳಿಸುತ್ತದೆ ಎಂಬ ಧೈರ್ಯ ಅವರಿಗಿತ್ತು. ಲೆಕ್ಕ ಹಾಕಿದರೆ, ಇಂಟಿಮಿಡೇಟ್ ಬಿದ್ದ ಮೇಲೂ ಪೂರ್ತಿ ಅಟ್ಯಾಕ್ ಇರುವ ಐರನ್ ಹ್ಯಾಂಡ್ಸ್‌ನ ಥಂಡರ್ ಪಂಚ್ ಕನಿಷ್ಠ 240. ಇಲ್ಲಿ ಸ್ವಲ್ಪ ಎಚ್‌ಪಿ, ಅಲ್ಲಿ ಸ್ವಲ್ಪ ಡಿಫೆನ್ಸ್ ತುಂಬಿಸಿ ಬದುಕಿಸೋಣ ಅನ್ನುವ ದಾರಿ ಅಲ್ಲಿಗೇ ಮುಚ್ಚಿತು. ಹೀಗೆ ಲೆಕ್ಕ ಹಾಕಿದ್ದು ಒಳ್ಳೇದೇ ಆಯಿತು, ಇಲ್ಲದಿದ್ದರೆ ಇನ್ನೂ ಎಷ್ಟೋ ದಿನ ಅಂಕಿಗಳನ್ನು ಆ ಕಡೆ ಈ ಕಡೆ ಮಾಡುತ್ತಲೇ ಇರುತ್ತಿದ್ದರು.

ಬೆರಿ, ಮತ್ತು ಜೊತೆಗಾರ

ಮೊದಲ ಪ್ರಯತ್ನ ವಾಕನ್ ಬೆರಿ ಎಂಬ ಐಟಂ. ಇದನ್ನು ಹಿಡಿದಿದ್ದರೆ ಒಂದು ಎಲೆಕ್ಟ್ರಿಕ್ ಪೆಟ್ಟು ಅರ್ಧ ಆಗುತ್ತದೆ. ಒಂದು ಉದಾಹರಣೆ ತಗೊಳ್ಳಿ. ಸ್ಪೆಷಲ್ ಅಟ್ಯಾಕ್ ತುಂಬಿಸಿದ ಟಿಮಿಡ್ ಸ್ವಭಾವದ ಝ್ಯಾಪ್ಡೋಸ್ ಎಂಬ ಎಲೆಕ್ಟ್ರಿಕ್ ಹಕ್ಕಿಯ ಥಂಡರ್‌ಬೋಲ್ಟ್ ಮಾಮೂಲಿಯಾಗಿ 304ರಿಂದ 360. ಬೆರಿ ಇದ್ದರೆ 152ರಿಂದ 180. ಆಟ ಪ್ರತಿ ಪೆಟ್ಟಿಗೂ 85ರಿಂದ 100 ಶೇಕಡಾದ ನಡುವೆ 16 ಹೆಜ್ಜೆಗಳಲ್ಲಿ ಒಂದನ್ನು ಆರಿಸುತ್ತದೆ, ಅದರಲ್ಲಿ 12ರಲ್ಲಿ ಗ್ಯಾರಡೋಸ್ ಬದುಕುತ್ತದೆ. ನಾಲ್ಕರಲ್ಲಿ ಮೂರು ಸಲ! ಅವರಿಗೆ ಖುಷಿಯೋ ಖುಷಿ, ಮೊದಮೊದಲು ಗೆದ್ದರು ಕೂಡ.

ಆಮೇಲೆ ಸ್ಟೆಲ್ತ್ ರಾಕ್ ಎದುರಾಯಿತು. ಎದುರಾಳಿ ಕಲ್ಲು ಹಾಸಿಟ್ಟರೆ ಒಳಗೆ ಬರುವಾಗಲೇ ಪೆಟ್ಟು, ಅದೂ ರಾಕ್ ಟೈಪ್‌ನ ಲೆಕ್ಕದಲ್ಲಿ. ಗ್ಯಾರಡೋಸ್‌ಗೆ ರಾಕ್ ದುಪ್ಪಟ್ಟು, ಹಾಗಾಗಿ ಕಾಲಿಟ್ಟ ತಕ್ಷಣ ಎಚ್‌ಪಿಯ ಕಾಲು ಭಾಗ ಹೋಗುತ್ತದೆ. 171ರಲ್ಲಿ 42 ಹೋದರೆ ಉಳಿದದ್ದು 129. ಬೆರಿ ಇದ್ದರೂ ಕನಿಷ್ಠ ಪೆಟ್ಟು 152. ಅಂದರೆ 16ರಲ್ಲಿ 12 ಇದ್ದದ್ದು ಸೀದಾ ಸೊನ್ನೆಗೆ ಇಳಿಯಿತು. ಎಲ್ಲರೂ ಎಲೆಕ್ಟ್ರಿಕ್ ಬಗ್ಗೆಯೇ ಮಾತಾಡುತ್ತಾರೆ, ಆದರೆ ಈ ಪ್ರಕರಣದಲ್ಲಿ ಒಳಗೊಳಗೇ ಕೊಲ್ಲುತ್ತಿದ್ದದ್ದು ಆ ಎರಡನೇ ದೌರ್ಬಲ್ಯ. ನನ್ನ ಪ್ರಕಾರ ಗ್ಯಾರಡೋಸ್ ಆಡಿಸುವವರು ಮೊದಲು ಕಣ್ಣಿಡಬೇಕಾದ್ದು ಕಲ್ಲಿನ ಮೇಲೆ. ಕಲ್ಲು ಬಿದ್ದ ಮೇಲೆ ಉಳಿದ ಎಲ್ಲ ಲೆಕ್ಕವೂ ಬದಲಾಗುತ್ತದೆ.

ಎರಡನೇ ಪ್ರಯತ್ನ ಜೊತೆಗಾರ. 2014ರಲ್ಲಿ ವಾಷಿಂಗ್ಟನ್ ಡಿಸಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಅನ್ನು ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ಗೆದ್ದರು. ಅವರ ಟೀಮ್‌ನಲ್ಲಿ ಮೆಗಾ ಗ್ಯಾರಡೋಸ್ (ಗ್ಯಾರಡೋಸ್‌ನ ಇನ್ನೂ ಬಲವಾದ ರೂಪ) ಇತ್ತು, ಪಕ್ಕದಲ್ಲಿ ಪಚಿರೀಸು ಎಂಬ ಪುಟ್ಟ ಅಳಿಲು ಇತ್ತು. ಅದು ಫಾಲೋ ಮಿ ಒತ್ತಿ ಎದುರಾಳಿಯ ದಾಳಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ವೋಲ್ಟ್ ಅಬ್ಸಾರ್ಬ್ ಇರುವುದರಿಂದ ಕರೆಂಟ್ ಹೊಡೆದರೆ ಎಚ್‌ಪಿ ಇನ್ನೂ ಏರುತ್ತದೆ. ಈ ಪಂದ್ಯಗಳ ಕಥೆ ನಮ್ಮ ಆಟಗಾರ್ತಿಗೆ ಬಾಯಿಪಾಠ. ಆದರೆ ಅದು ಇಬ್ಬರ ಪಕ್ಕ ಇಬ್ಬರು ನಿಲ್ಲುವ ಡಬಲ್ಸ್. ಸಿಂಗಲ್ಸ್‌ನಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಕರೆಂಟ್ ಬರುತ್ತದೆ ಅಂತ ಊಹಿಸಿ ಗ್ಯಾರಡೋಸ್‌ನ ಹೊರಗೆ ಕರೆದು ಗ್ರೌಂಡ್ ಟೈಪ್ ಒಂದನ್ನು ಒಳಗೆ ಬಿಡಬೇಕು.

ಅವರು ಗ್ರೌಂಡ್ ಮತ್ತು ಡ್ರ್ಯಾಗನ್ ಟೈಪ್‌ನ ಗಾರ್ಚಾಂಪ್ ತಂದರು. ರೇಜಿಂಗ್ ಬೋಲ್ಟ್ ಎದುರು ಅದೂ ಸೋತಿತು. ಎದುರಾಳಿಗಳು ಥಂಡರ್‌ಕ್ಲ್ಯಾಪ್ ಒತ್ತದೆ ಡ್ರೇಕೋ ಮೀಟಿಯರ್ ಎಂಬ ಡ್ರ್ಯಾಗನ್ ದಾಳಿ ಒತ್ತುತ್ತಿದ್ದರು, ಗಾರ್ಚಾಂಪ್ ಡ್ರ್ಯಾಗನ್ ಆದ್ದರಿಂದ ಅದಕ್ಕೆ ದುಪ್ಪಟ್ಟು. ಆಮೇಲೆ ಇನ್ನೊಂದು ಗ್ರೌಂಡ್ ಟೈಪ್ ಕ್ಲಾಡ್‌ಸೈರ್ ತಂದರು. ಅದು ಪೆಟ್ಟು ತಿಂದು ನಿಲ್ಲುತ್ತಿತ್ತು, ಆದರೆ ತಿರುಗಿ ಹೆದರಿಸುವ ತಾಕತ್ತು ಇರಲಿಲ್ಲ, ಎದುರಾಳಿ ಆರಾಮಾಗಿ ತನ್ನ ಕೆಲಸ ಮಾಡಿಕೊಳ್ಳುತ್ತಿದ್ದ. ಮೂರೇ ಜಾಗ ಇರುವ ಆಟದಲ್ಲಿ ಒಂದು ಜಾಗ ಬರೀ ಗ್ಯಾರಡೋಸ್‌ಗೆ ಕಾವಲು ಕಾಯುವುದಕ್ಕೆ ಹೋದರೆ, ಆ ಗ್ಯಾರಡೋಸ್ ಅಷ್ಟು ಗೆದ್ದು ಕೊಡಬೇಕು. ಕೊಡುತ್ತಿರಲಿಲ್ಲ.

ತಿರುವು

ಒಂದು ಸಂಜೆ ಪಕ್ಕದಲ್ಲಿ ಕೂತು ನೋಡುತ್ತಿದ್ದ ಅವರ ತಮ್ಮ ಕೇಳಿದ: "ಅಕ್ಕಾ, ಗ್ಯಾರಡೋಸ್ ಬಂದ್ರೆ ಅವ್ನು ಯಾವಾಗ್ಲೂ ಅದನ್ನೇ ಒತ್ತುತ್ತಾನಲ್ವಾ? ಏನು ಒತ್ತುತ್ತಾನೆ ಅಂತ ಮೊದ್ಲೇ ಗೊತ್ತಿದ್ರೂ ಯಾಕೆ ಹೆದರ್ತೀಯಾ?"

ಹುಡುಗ ಆಟ ಅಷ್ಟು ತಿಳಿದವನಲ್ಲ. ಆದರೂ ಈ ಪ್ರಕರಣದ ಮುಖ್ಯ ತಿರುವು ಇದೇ. ಅಲ್ಲಿಯವರೆಗೆ ಅವರು ದೌರ್ಬಲ್ಯವನ್ನು ಮುಚ್ಚುವುದರಲ್ಲೇ ಇದ್ದರು. ಆದರೆ ನಾಲ್ಕು ಪಟ್ಟು ದೌರ್ಬಲ್ಯ ಅಂದರೆ ಎದುರಾಳಿಯ ಕೈ ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲೇ ಗೊತ್ತಿದ್ದ ಹಾಗೆ. ಇದರ ಎದುರು ಎಲೆಕ್ಟ್ರಿಕ್ ಬಿಟ್ಟು ಬೇರೆ ಮೂವ್ ಒತ್ತಲು ಯಾರಿಗೂ ಮನಸ್ಸೇ ಬರುವುದಿಲ್ಲ. ಎದುರಾಳಿಯ ಈ ಗ್ಯಾರಂಟಿಯನ್ನು ಬಳಸಿಕೊಳ್ಳಬಹುದಾ ಅಂತ ಅವರು ಯೋಚಿಸಲು ಶುರು ಮಾಡಿದರು.

ಎರಡು ವಿಷಯ ಸಿಕ್ಕವು. ಒಂದು, ಥಂಡರ್‌ಕ್ಲ್ಯಾಪ್‌ಗೆ ಒಂದು ಷರತ್ತು ಇದೆ: ಎದುರಿನದು ಆ ಟರ್ನ್‌ನಲ್ಲಿ ದಾಳಿ ಮಾಡಲು ಹೊರಟಿದ್ದರೆ ಮಾತ್ರ ತಾಗುತ್ತದೆ. ಡ್ರ್ಯಾಗನ್ ಡ್ಯಾನ್ಸ್ ದಾಳಿ ಅಲ್ಲ. ಅಂದರೆ ಎದುರಾಳಿ ಥಂಡರ್‌ಕ್ಲ್ಯಾಪ್ ಒತ್ತುವ ಟರ್ನ್‌ನಲ್ಲಿ ನೀವು ಡ್ಯಾನ್ಸ್ ಮಾಡಿದರೆ ಅವನ ಮೂವ್ ಫೇಲ್, ನಿಮ್ಮ ಡ್ಯಾನ್ಸ್ ಪುಕ್ಕಟೆ. ಇನ್ನೊಂದು, ಟೆರಾ. ಈ ಆಟದಲ್ಲಿ ಪಂದ್ಯಕ್ಕೆ ಒಂದು ಸಲ ಒಂದು ಪೋಕೆಮಾನ್‌ನ ಟೈಪ್ ಬದಲಾಯಿಸಬಹುದು, ಆ ಬದಲಾವಣೆ ಟರ್ನ್‌ನ ಮೂವ್‌ಗಳಿಗಿಂತ ಮೊದಲೇ ಆಗುತ್ತದೆ. ಟೆರಾ ಗ್ರೌಂಡ್ ಆದ ಗ್ಯಾರಡೋಸ್‌ಗೆ ಕರೆಂಟ್ ತಾಗುವುದೇ ಇಲ್ಲ. ನಾಲ್ಕು ಪಟ್ಟಿನಿಂದ ಸೊನ್ನೆಗೆ.

ಟೆರಾ ಗ್ರೌಂಡ್ ಬರೀ ರಕ್ಷಣೆ ಅಲ್ಲ ಅನ್ನುವುದು ಲೆಕ್ಕದಲ್ಲಿ ಗೊತ್ತಾಯಿತು. ತನ್ನದೇ ಟೈಪ್‌ನ ದಾಳಿ ಒಂದೂವರೆ ಪಟ್ಟು ಬಲವಾಗಿ ಬೀಳುತ್ತದೆ. ಎಚ್‌ಪಿ ಪೂರ್ತಿ ತುಂಬಿಸಿದ ರೇಜಿಂಗ್ ಬೋಲ್ಟ್‌ಗೆ 232 ಎಚ್‌ಪಿ. ಒಂದು ಡ್ಯಾನ್ಸ್ ಆದ ಮೇಲೆ ಟೆರಾ ಇಲ್ಲದೆ ಅರ್ತ್‌ಕ್ವೇಕ್ ಎಂಬ ಗ್ರೌಂಡ್ ದಾಳಿ ಹೊಡೆದರೆ 180ರಿಂದ 214, ಅದು ಬದುಕುತ್ತದೆ. ಡ್ಯಾನ್ಸ್ ಇಲ್ಲದೆ ಟೆರಾ ಮಾತ್ರ ಆದರೆ 182ರಿಂದ 216, ಆಗಲೂ ಬದುಕುತ್ತದೆ. ಎರಡೂ ಸೇರಿದರೆ ಕನಿಷ್ಠ 270. ಬೀಳಲೇಬೇಕು. ಹಾಗಾದರೆ ಡ್ಯಾನ್ಸ್ ಮೊದಲು, ಟೆರಾ ಮುಂದಿನ ಟರ್ನ್‌ನಲ್ಲಿ. ಮೊದಲೇ ಟೆರಾ ಮಾಡಿಬಿಟ್ಟರೆ ಎದುರಾಳಿ ಎಚ್ಚೆತ್ತುಕೊಂಡು ಬೇರೆ ಮೂವ್ ಒತ್ತುತ್ತಾನೆ, ತಡ ಮಾಡಿದರೆ ಗ್ಯಾರಡೋಸ್ ಇರುವುದಿಲ್ಲ.

ಟೆರಾ ಆದ ಮೇಲೆ ಎದುರಾಳಿ ಡ್ರೇಕೋ ಮೀಟಿಯರ್ ಹೊಡೆದರೆ? ಪೆಟ್ಟು ಹೆಚ್ಚಿಸುವ ಐಟಂ ಇಲ್ಲದಿದ್ದರೆ ಅದು 127ರಿಂದ 150. 171 ಎಚ್‌ಪಿ ಪೂರ್ತಿ ಇದ್ದರೆ ಗ್ಯಾರಡೋಸ್ ನಿಲ್ಲುತ್ತದೆ. ಕಲ್ಲು ತಿಂದು 129ಕ್ಕೆ ಇಳಿದಿದ್ದರೆ ಬಹುತೇಕ ಬೀಳುತ್ತದೆ. ಮತ್ತೆ ಅದೇ ಕಲ್ಲು. ಹಾಗಾಗಿ ವಾಕನ್ ಬೆರಿ ಹೋಯಿತು, ಹೆವಿ-ಡ್ಯೂಟಿ ಬೂಟ್ಸ್ ಬಂತು. ಬೂಟ್ಸ್ ಇದ್ದರೆ ಹಾಸಿದ ಕಲ್ಲು ತಾಗುವುದಿಲ್ಲ. ಮೊದಲು ನನಗೂ ಇದು ಸರಿ ಅನ್ನಿಸಿರಲಿಲ್ಲ, ನಾಲ್ಕು ಪಟ್ಟು ದೌರ್ಬಲ್ಯಕ್ಕೆ ಇರುವ ಬೆರಿಯನ್ನು ಬಿಟ್ಟು ಎರಡು ಪಟ್ಟಿನದಕ್ಕೆ ಐಟಂ ಕೊಡೋದು ಅಂದರೆ ಏನು ಅಂತ. ಆದರೆ ನಾಲ್ಕು ಪಟ್ಟಿನದನ್ನು ಟೆರಾ ನೋಡಿಕೊಳ್ಳುತ್ತಿತ್ತು. ಐಟಂ ಮಾಡಬೇಕಾದ ಕೆಲಸ 171 ಅನ್ನು 171 ಆಗಿಯೇ ಉಳಿಸುವುದು.

ಇನ್ನೊಂದು ನಿರ್ಧಾರ, ಗ್ಯಾರಡೋಸ್‌ನ ಕೊನೆಗೆ ಇಡುವುದು ಬಿಟ್ಟು ಮೊದಲೇ ಇಳಿಸಿದ್ದು. ಒಂದು ಪೋಕೆಮಾನ್‌ಗೆ ನಾಲ್ಕೇ ಮೂವ್, ಅದರಲ್ಲಿ ಐಸ್ ಫ್ಯಾಂಗ್ ಎಂಬ ದಾಳಿ ತೆಗೆದು ಟಾಂಟ್ ಹಾಕಿದರು. ಟಾಂಟ್ ಬಿದ್ದರೆ ಎದುರಿನದು ದಾಳಿಯಲ್ಲದ ಮೂವ್ ಬಳಸುವ ಹಾಗಿಲ್ಲ.

ಈ ಎಲ್ಲ ಕೂಡಿ ಬಂದ ಪಂದ್ಯ ಒಂದಿದೆ. ಎದುರಾಳಿ ಟಿಂಗ್-ಲು ಎಂಬ ಗ್ರೌಂಡ್ ಟೈಪ್ ಇಳಿಸಿದ, ಅದರ ಸ್ಪೀಡ್ ಗ್ಯಾರಡೋಸ್‌ಗಿಂತ ಎಷ್ಟೋ ಕಡಿಮೆ. ಮೊದಲ ಟರ್ನ್ ಟಾಂಟ್, ಸ್ಟೆಲ್ತ್ ರಾಕ್ ಒತ್ತಿದ್ದ ಟಿಂಗ್-ಲು ಏನೂ ಮಾಡಲಾಗದೆ ನಿಂತಿತು. ಅದರ ಗ್ರೌಂಡ್ ದಾಳಿಯೂ ಇದಕ್ಕೆ ತಾಗುವುದಿಲ್ಲ, ರೂಯಿನೇಷನ್ ಹೊಡೆದು ಎಚ್‌ಪಿ ಅರ್ಧ ಮಾಡುವ ಅಪಾಯ ಮಾತ್ರ ಇತ್ತು. ಎದುರಾಳಿ ಅಲ್ಲಿ ಕೂರುವುದಿಲ್ಲ, ರೇಜಿಂಗ್ ಬೋಲ್ಟ್ ತರುತ್ತಾನೆ ಅಂತ ಆಟಗಾರ್ತಿ ಊಹಿಸಿ ಎರಡನೇ ಟರ್ನ್ ಡ್ಯಾನ್ಸ್ ಒತ್ತಿದರು. ಬೋಲ್ಟ್ ಬಂತು. ಮೂರನೇ ಟರ್ನ್ ಟೆರಾ ಗ್ರೌಂಡ್ ಮತ್ತು ಅರ್ತ್‌ಕ್ವೇಕ್. ಎದುರಾಳಿ ಥಂಡರ್‌ಕ್ಲ್ಯಾಪ್ ಒತ್ತಿದ್ದ. ಅದು ತಾಗಲಿಲ್ಲ, ಅರ್ತ್‌ಕ್ವೇಕ್ ತಾಗಿತು, ಬೋಲ್ಟ್ ಬಿತ್ತು. ಟಿಂಗ್-ಲು ವಾಪಸ್ ಬಂದು ಒಂದು ಅರ್ತ್‌ಕ್ವೇಕ್ ಹೊಡೆಯಿತು, ಟೆರಾದಿಂದಾಗಿ ಈಗ ಅದು ಗ್ಯಾರಡೋಸ್‌ಗೆ ತಾಗುತ್ತದೆ. ಆದರೂ ಎರಡು ವಾಟರ್‌ಫಾಲ್‌ನಲ್ಲಿ ಟಿಂಗ್-ಲು ಮುಗಿಯಿತು. ಕೊನೆಯದನ್ನು ಟೀಮ್‌ನ ಇನ್ನೊಬ್ಬರು ನೋಡಿಕೊಂಡರು.

ಆಮೇಲೆ ಬಂದ ಸೋಲುಗಳು

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ. ಟೆರಾ ಗ್ರೌಂಡ್ ಆದಾಗ ವಾಟರ್, ಗ್ರಾಸ್, ಐಸ್ ಮೂರೂ ದುಪ್ಪಟ್ಟು ಬೀಳುತ್ತವೆ. ಟೆರಾ ಮಾಡಿ ಐರನ್ ಹ್ಯಾಂಡ್ಸ್‌ನ ಬೀಳಿಸಿದ ಒಂದು ಪಂದ್ಯದಲ್ಲಿ ಹಿಂದಿನಿಂದ ರೋಟಮ್-ವಾಶ್ ಬಂತು. ಎಲೆಕ್ಟ್ರಿಕ್ ಮತ್ತು ವಾಟರ್, ಮೇಲೆ ನೆಲ ಮುಟ್ಟದೆ ತೇಲುವ ಲೆವಿಟೇಟ್ ಗುಣ. ಅರ್ತ್‌ಕ್ವೇಕ್ ತಾಗಲ್ಲ, ವಾಟರ್‌ಫಾಲ್ ಅರ್ಧ, ಅದರ ಹೈಡ್ರೋ ಪಂಪ್ ಮಾತ್ರ ಟೆರಾ ಗ್ರೌಂಡ್ ಗ್ಯಾರಡೋಸ್‌ಗೆ ದುಪ್ಪಟ್ಟು. ಟೆರಾ ಖರ್ಚಾಗಿದೆ, ವಾಪಸ್ ತಗೊಳ್ಳುವ ಹಾಗಿಲ್ಲ. ಆ ಪಂದ್ಯ ನಿಜವಾಗಿ ಕೈತಪ್ಪಿದ್ದು ಮೂರನ್ನು ಆರಿಸುವಾಗಲೇ. ಎದುರಾಳಿಯ ಆರರಲ್ಲಿ ರೋಟಮ್-ವಾಶ್ ಕಣ್ಣೆದುರೇ ಇತ್ತು.

ಅದಕ್ಕೆ ಉತ್ತರವಾಗಿ ಅವರು ಗ್ರಾಸ್ ಟೈಪ್ ಒಂದು ಬೇಕು ಅಂತ ರಿಲ್ಲಾಬೂಮ್ ತಂದರು. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ರಿಲ್ಲಾಬೂಮ್ ಬಂದಾಗ ಹರಡುವ ಗ್ರಾಸಿ ಟೆರೇನ್ ಅರ್ತ್‌ಕ್ವೇಕ್‌ನ ಶಕ್ತಿಯನ್ನು ಅರ್ಧ ಮಾಡುತ್ತದೆ, ಎದುರಾಳಿಯದಷ್ಟೇ ಅಲ್ಲ, ನಿಮ್ಮದನ್ನೂ. ಡ್ಯಾನ್ಸ್, ಟೆರಾ ಎರಡೂ ಆದ ಗ್ಯಾರಡೋಸ್‌ನ ಅರ್ತ್‌ಕ್ವೇಕ್ ಆಗ ರೇಜಿಂಗ್ ಬೋಲ್ಟ್‌ಗೆ 162 ದಾಟುವುದಿಲ್ಲ. ಕಷ್ಟಪಟ್ಟು ಹೊಂದಿಸಿದ ಇಡೀ ಲೆಕ್ಕವನ್ನು ತಮ್ಮದೇ ಟೀಮ್‌ನ ಪ್ರಾಣಿ ಒಡೆಯಿತು. ಒಂದೊಂದು ಪೋಕೆಮಾನ್‌ನ ಬಲವನ್ನು ಬೇರೆ ಬೇರೆಯಾಗಿ ನೋಡಿ ಸೇರಿಸಿದರೆ ಹೀಗಾಗುತ್ತದೆ. ಕೊನೆಗೆ ರಿಲ್ಲಾಬೂಮ್ ಜಾಗಕ್ಕೆ ಮಿಯಾಸ್ಕರಾಡ ಬಂತು. ಅದು ಟೆರೇನ್ ಹರಡುವುದಿಲ್ಲ, ಸ್ಪೀಡ್ 123, ಅದರ ಫ್ಲವರ್ ಟ್ರಿಕ್ ತಪ್ಪುವುದೂ ಇಲ್ಲ, ರೋಟಮ್-ವಾಶ್‌ಗೆ ದುಪ್ಪಟ್ಟು ಬೀಳುತ್ತದೆ.

ಡೊಂಡೋಝೊ ಮಾತ್ರ ಬೇರೆ ಜಾತಿಯ ತಲೆನೋವು. ಅದರ ಅನ್‌ಅವೇರ್ ಗುಣ ನಿಮ್ಮ ಡ್ಯಾನ್ಸ್‌ನ ಅಟ್ಯಾಕ್ ಏರಿಕೆಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅಲ್ಲಿ ಟೈಪ್ ಬದಲಾಯಿಸಿ ಉಪಯೋಗವಿಲ್ಲ, ಗ್ಯಾರಡೋಸ್‌ನ ಕರೆತರದೇ ಇರುವುದೇ ಉತ್ತರ.

ಈಗ ಅವರು ಆರೂ ಪೋಕೆಮಾನ್ ಕಂಡ ತಕ್ಷಣ ಕೇಳಿಕೊಳ್ಳುವುದು ಇದನ್ನೇ: ಇವರ ಎಲೆಕ್ಟ್ರಿಕ್ ಯಾವುದು, ಅದು ನೆಲದ ಮೇಲೆ ನಿಲ್ಲುತ್ತದಾ? ರೇಜಿಂಗ್ ಬೋಲ್ಟ್, ಐರನ್ ಹ್ಯಾಂಡ್ಸ್ ಇದ್ದರೆ ಗ್ಯಾರಡೋಸ್ ಖುಷಿಯಿಂದ ಇಳಿಯುತ್ತದೆ. ಮೊದಲು ಇವೇ ಎರಡನ್ನು ನೋಡಿ ಅದನ್ನು ಹೊರಗೆ ಇಡುತ್ತಿದ್ದರು. ರೋಟಮ್-ವಾಶ್, ಡೊಂಡೋಝೊ ಇದ್ದರೆ ಗ್ಯಾರಡೋಸ್ ಇಲ್ಲ. ಆದರೆ ಆರರಲ್ಲಿ ಅದು ಕಾಣುತ್ತಿರುವುದರಿಂದ ಎದುರಾಳಿ ಎಲೆಕ್ಟ್ರಿಕ್ ಒಂದನ್ನು ಆರಿಸಿಕೊಂಡೇ ಬರುತ್ತಾನೆ, ಅದಕ್ಕೆ ತಕ್ಕ ಹಾಗೆ ಕ್ಲಾಡ್‌ಸೈರ್, ಮಿಯಾಸ್ಕರಾಡ ಇಳಿಯುತ್ತವೆ. ಗ್ಯಾರಡೋಸ್ ಹೊರಗೆ ಕೂತು ಗೆಲ್ಲಿಸಿದ ಪಂದ್ಯಗಳನ್ನೂ ನಾನು ಅದರ ಖಾತೆಗೇ ಹಾಕುತ್ತೇನೆ.

ಝ್ಯಾಪ್ಡೋಸ್ ಇನ್ನೂ ಬಗೆಹರಿದಿಲ್ಲ. ಹಾರುವುದರಿಂದ ಅರ್ತ್‌ಕ್ವೇಕ್ ತಾಗಲ್ಲ, ಐಸ್ ಫ್ಯಾಂಗ್ ಬೇಕಾಗುತ್ತದೆ, ಅದನ್ನು ಹಾಕಬೇಕಾದರೆ ಟಾಂಟ್ ತೆಗೆಯಬೇಕು. ಐಸ್ ಫ್ಯಾಂಗ್ ಮುಟ್ಟಿ ಹೊಡೆಯುವ ಮೂವ್, ಆ ಝ್ಯಾಪ್ಡೋಸ್‌ಗೆ ಸ್ಟ್ಯಾಟಿಕ್ ಗುಣ ಇದ್ದರೆ ಶೇಕಡಾ 30 ಸಲ ಪ್ಯಾರಲೈಸ್ ಆಗುವ ಅಪಾಯ ಬೇರೆ. ಸದ್ಯಕ್ಕೆ ನಾಲ್ಕನೇ ಮೂವ್ ಟಾಂಟ್ ಆಗಿಯೇ ಇದೆ.